ಗುಮ್ಮಟದ ಮೇಲೆ ಹಾಜರಿ

ಬಾಗಲಕೋಟೆ ತಾಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಏಳನೇ ತರಗತಿಯ 42 ಮಕ್ಕಳನ್ನು ವಿಜಯಪುರಕ್ಕೆ ಒಂದು ದಿನದ ಪ್ರವಾಸ ಕರೆದುಕೊಂಡು ಹೋದಾಗ ನಾವು ಮೂವರು ಶಿಕ್ಷಕರಿದ್ದೆವು. ಪಾಲಕರ ಒಪ್ಪಿಗೆ ಪತ್ರ, ಔಷಧಿ ಡಬ್ಬಿ, ವಾಂತಿಗೆ ಕ್ಯಾರಿಬ್ಯಾಗು, ಎಲ್ಲ ಪಟ್ಟಿ ಮಾಡಿಕೊಂಡೇ ಹೊರಟಿದ್ದೆ. ಕ್ಯಾರಿಬ್ಯಾಗುಗಳು ಕೃಷ್ಣೆಯ ಸೇತುವೆ ದಾಟುವ ಮೊದಲೇ ಖಾಲಿ. ಕೊಲ್ಹಾರ ಬಂದ ಕೂಡಲೇ ಗಡಿಗೆ ಮೊಸರು ಬೇಕೆಂದು ಗಲಾಟೆ, ಅದರಲ್ಲೂ ವಾಂತಿ ಮಾಡಿದವರದೇ ಜೋರು. ಕೊಡಿಸಲಿಲ್ಲ. (ವಾಪಸ್ ಬರುವಾಗ ನಾನೊಂದು ಗಡಿಗೆ ಕೊಂಡೆ, ಅದು ಬೇರೆ ಮಾತು.)

ಗೋಳಗುಮ್ಮಟ ಮೊಹಮ್ಮದ್ ಆದಿಲ್ ಶಾಹನ ಸಮಾಧಿ, 1656ರಲ್ಲಿ ಮುಗಿದದ್ದು. ಇಷ್ಟನ್ನು ಬಸ್ಸಿನಲ್ಲೇ ಹೇಳಿ ಮುಗಿಸಿದ್ದೆ. ಒಳಗೆ ನಿಂತಾಗ ಒಬ್ಬ ಹುಡುಗ ಕತ್ತೆತ್ತಿ ಕೇಳಿದ: "ಸರ್, ಕೋಲಿ ಚೌಕ ಐತಿ, ಮ್ಯಾಲಿಂದು ದುಂಡಗ ಐತಿ. ಕಂಬ ಇಲ್ಲದ ಹೆಂಗ ಕುಂತೈತ್ರಿ?" ಇಬ್ಬರ ಕರವಸ್ತ್ರ ಇಸಕೊಂಡು ಒಂದನ್ನು ನೆಲಕ್ಕೆ ಹಾಸಿದೆ, ಇನ್ನೊಂದನ್ನು ಅದರ ಮೇಲೆ ಓರೆಯಾಗಿ. ಎಂಟು ಮೂಲೆ ಬಂದವು. ಮೇಲೆ ನೋಡಿದರೆ ಕಮಾನುಗಳು ಹಾಗೇ ಒಂದನ್ನೊಂದು ಕತ್ತರಿಸಿಕೊಂಡು ಹೋಗಿವೆ. ಚೌಕ ಎಂಟು ಮೂಲೆಯಾದ ಮೇಲೆ ದುಂಡಗಾಗಲು ಎಷ್ಟು ದೂರ? ಸುತ್ತ ನಿಂತಿದ್ದ ಬೇರೆ ಪ್ರವಾಸಿಗರೂ ಬಗ್ಗಿ ನೋಡಿದರು. ನನಗೆ ಸ್ವಲ್ಪ ಗರ್ವ ಬಂತು.

ಆ ಗರ್ವದಲ್ಲೇ ತಪ್ಪು ಮಾಡಿದೆ. ಮೂಲೆಯ ಮಿನಾರಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿ, ಮಾಳಿಗೆಗೆ ಬಂದು, ಪಿಸುಗುಟ್ಟುವ ಗ್ಯಾಲರಿಯೊಳಗೆ ಹೊಕ್ಕ ಮೇಲೆ ಹಾಜರಿ ಕರೆದೆ. ಒಂದು ಸದ್ದು ಏಳು ಸಲ ತಿರುಗಿ ಬರುತ್ತದೆ ಎನ್ನುವ ಜಾಗವದು. ಒಂದೊಂದು "ಎಸ್ ಸರ್"ಗೂ ಹತ್ತಾರು ಎಸ್ ಸರ್! ಜೊತೆಗೆ ಇನ್ನೂ ಎರಡು ಶಾಲೆಯ ಮಕ್ಕಳ ಕೂಗಾಟ. ಪಿಸುಮಾತು ಯಾರಿಗೂ ಕೇಳಲಿಲ್ಲ. ಹಾಜರಿ ಪೂರ್ತಿ ಆಯಿತೆಂದು ನಾನೇ ಅಂದುಕೊಂಡೆ.

ಇಳಿಯುವಾಗ ಹಿಂದಿ ಟೀಚರ್ ತಲೆ ಎಣಿಸಿದರು. ನಲವತ್ತೊಂದು. ಮತ್ತೆ ಎಣಿಸಿದರು. ನಲವತ್ತೊಂದೇ.

ಗುಮ್ಮಟದ ಹೊರಗಿನ ಮಾಳಿಗೆಯ ಮೇಲೆ ಸುತ್ತು ಹೊರಟೆ. ನಡುವೆ ಗುಡ್ಡದಂಥ ಗುಮ್ಮಟ ಅಡ್ಡ, ಆಚೆ ಬದಿ ಕಾಣುವುದಿಲ್ಲ. ಒಂದು ಸುತ್ತು, ಇಲ್ಲ. ಎರಡನೇ ಸುತ್ತು ಓಡಿದೆ, ಇಲ್ಲ. ಕಟ್ಟೆಯ ಮೇಲಿಂದ ಕೆಳಗೆ ಬಗ್ಗಿ ನೋಡುವ ಧೈರ್ಯ ಆಗಲಿಲ್ಲ. ಮೂರನೇ ಸುತ್ತಿಗೆ ಏದುಸಿರು ಬಿಡುತ್ತ ಮೆಟ್ಟಿಲ ಬಾಗಿಲಿಗೆ ಬಂದರೆ, ಟೀಚರ್ ಹುಡುಗಿಯ ಕೈ ಹಿಡಿದು ನಿಂತಿದ್ದಾರೆ. ಅವರು ಆ ಜಾಗ ಬಿಟ್ಟು ಅಲುಗಿರಲೇ ಇಲ್ಲ.

"ಎಲ್ಲಿ ಹೋಗಿದ್ದಿಯವ್ವಾ?"

"ನಾ ನಿಮ್ಮನ್ನ ಹುಡುಕಾಕ ಹತ್ತಿದ್ನಿರಿ ಸರ್. ನಿಮ್ಮ ಅಂಗಿ ಕಾಣತಿತ್ತು, ಮತ್ತ ತಿರುವಿನಾಗ ಮಾಯ ಆಗತಿತ್ತು. ನೀವು ಭಾಳ ಜೋರ ಓಡತೀರಿ."

ಬೈಯಬೇಕೆಂದುಕೊಂಡಿದ್ದೆ. ಬಾಯೇ ಬರಲಿಲ್ಲ. ಊಟಕ್ಕೆ ಕೂತಾಗ ಅವಳೇ ತನ್ನ ಬುತ್ತಿಯಿಂದ ಎಳ್ಳು ಹಚ್ಚಿದ ರೊಟ್ಟಿ ಮುರಿದು ಕೊಟ್ಟಳು.

ಮರುದಿನ ಕರಿಹಲಗೆಯ ಮೇಲೆ ಒಂದು ವೃತ್ತ ಬರೆದೆ. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್, ಸುತ್ತಳತೆ ಸುಮಾರು 138. ಎದುರುಬದುರು ತುದಿಯಲ್ಲಿ ಇಬ್ಬರು, ಸೆಕೆಂಡಿಗೆ ಒಂದೊಂದು ಮೀಟರ್ ನಡಿಗೆ. ಎದುರಾಗಿ ನಡೆದರೆ 35 ಸೆಕೆಂಡಿನೊಳಗೆ ಭೇಟಿ. ಒಬ್ಬರು ನಿಂತರೆ 69 ಸೆಕೆಂಡು. ಒಂದೇ ದಿಕ್ಕಿಗೆ ನಡೆದರೆ ಕತ್ತಲಾದರೂ ಭೇಟಿಯಿಲ್ಲ. ವರ್ಷವಿಡೀ ಸೂತ್ರ ಬಾಯಿಪಾಠ ಮಾಡದವರೂ ಲೆಕ್ಕ ಬಿಡಿಸಿದರು, ಯಾಕೆಂದರೆ ಸಿಕ್ಕಿಬಿದ್ದವನು ಸರ್.

"ಅದಕ್ಕ, ತಪ್ಪಿಸಿಕೊಂಡವರು ನಿಂತಲ್ಲೇ ನಿಲ್ಲಬೇಕು" ಅಂದೆ.

ಆ ಹುಡುಗಿ ಕೈ ಎತ್ತಿದಳು. "ಸರ್, ಇಬ್ರೂ ನಿಂತುಬಿಟ್ರ?"

ಈಗ ಬಸ್ಸು ಹೊರಡುವ ಮೊದಲು ಮೂರು ಮಾತು ಹೇಳುತ್ತೇನೆ: ಮಕ್ಕಳು ನಿಲ್ಲುವುದು, ಒಬ್ಬ ಶಿಕ್ಷಕ ಬಾಗಿಲಲ್ಲಿ ನಿಲ್ಲುವುದು, ಇನ್ನೊಬ್ಬ ಮಾತ್ರ ಸುತ್ತುವುದು. ಹಾಜರಿ ಕೆಳಗೆ, ಹುಲ್ಲಿನ ಮೇಲೆ.