ಹಸಿರು ಮೇಣದ ಮುಂದೆ ಒಂದು ಮಧ್ಯಾಹ್ನ

ಇಂಗ್ಲೆಂಡಿನಲ್ಲಿ ಹತ್ತು ದಿನ ಸುತ್ತಿದೆವು. ಲಂಡನ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಮನಸ್ಸಲ್ಲಿ ಉಳಿದಿದ್ದು ಪೋರ್ಟ್ಸ್‌ಮತ್‌ನ ಒಂದು ಮಧ್ಯಾಹ್ನ.

ಅಲ್ಲಿಗೆ ಹತ್ತಿರದ ಸಮುದ್ರದಲ್ಲಿ 1545ರಲ್ಲಿ ಮೇರಿ ರೋಸ್ ಎಂಬ ಯುದ್ಧದ ಹಡಗು ಮುಳುಗಿತು. 1982ರಲ್ಲಿ ಅದನ್ನು ಮೇಲೆತ್ತಿದರು. ಅದರಲ್ಲಿ 170ಕ್ಕೂ ಹೆಚ್ಚು ಯೂ ಮರದ ಬಿಲ್ಲು, ಸಾವಿರಾರು ಬಾಣ ಸಿಕ್ಕವು. ಮ್ಯೂಸಿಯಮ್‌ನಲ್ಲಿ ಎಲ್ಲರೂ ಹಡಗು ನೋಡುತ್ತಾ ನಿಂತಿದ್ದರು. ನಾನು ಮಾತ್ರ ಬಾಣಗಳ ಗಾಜಿನ ಪೆಟ್ಟಿಗೆ ಬಿಟ್ಟು ಕದಲಲಿಲ್ಲ. ಗರಿಗಳು ಎಂದೋ ಹೋಗಿವೆ. ಆದರೆ ಗರಿ ಕಟ್ಟಿದ್ದ ದಾರದ ಸುರುಳಿ ಗುರುತು ಮರದ ಮೇಲೆ ಹಾಗೇ ಇದೆ! ಜೇನುಮೇಣಕ್ಕೆ ತಾಮ್ರದ ಹಸಿರು ಕಿಲುಬು ಬೆರೆಸಿ ಬಳಿದಿದ್ದರಂತೆ.

"ಗರಿಗೆ ಹುಳ ಹಿಡಿಯದಿರಲಿ ಅಂತ ಇರಬೇಕು," ಎಂದರು ಪಕ್ಕದಲ್ಲಿದ್ದ ಹಿರಿಯರು. ಅವರೂ ನನ್ನ ಹಾಗೆ ಮನೆಯಲ್ಲಿ ಬಿಲ್ಲು ಮಾಡುವವರು. ಇನ್ನು ಮಾತು ನಿಲ್ಲುತ್ತದಾ?

ಕಳೆದ ಮಳೆಗಾಲದಲ್ಲಿ ನನ್ನ ಹನ್ನೆರಡು ಬಾಣ ಸೊಟ್ಟಗಾದದ್ದನ್ನು ಹೇಳಿಕೊಂಡೆ. ಆ ಸಂಕಟ ಇನ್ನೂ ಇದೆ.

"ತುದಿಗಳಿಗೆ ಏನು ಹಚ್ಚಿದ್ದಿರಿ?"

"ಏನೂ ಇಲ್ಲ. ಮೈಗೆ ಮಾತ್ರ ವಾರ್ನಿಷ್."

"ಮರ ನೀರು ಕುಡಿಯುವುದೇ ಜಾಸ್ತಿ ತುದಿಯಿಂದ," ಎಂದರು. ಬಾಣದ ಎರಡೂ ಕೊನೆಗೆ, ಬಿಲ್ಲಿನ ತುದಿಗಳಿಗೆ ಎರಡು ಮೂರು ಸಲ ಹೆಚ್ಚಿಗೆ ಎಣ್ಣೆ ಕುಡಿಸಬೇಕಂತೆ. ಬಿಲ್ಲಿಗೆ ದಪ್ಪ ವಾರ್ನಿಷ್ ಅವರಿಗೂ ಇಷ್ಟವಿಲ್ಲ, ನನಗೂ ಇಲ್ಲ. ಬಿಲ್ಲು ಬಾಗುತ್ತದೆ, ಗಟ್ಟಿ ಪದರ ಬಿರುಕು ಬಿಡುತ್ತದೆ. ಅರಗಿನ ಪಾಲಿಶ್ ಬೇಗ ಒಣಗುತ್ತದೆ ನಿಜ, ತೇವಕ್ಕೆ ಬೆಳ್ಳಗಾಗುತ್ತದೆ. ಅಗಸೆ ಎಣ್ಣೆಯೇ ಒಳ್ಳೆಯದು. ತೆಳ್ಳಗೆ ಹಚ್ಚಿ, ಅಂಗೈ ಬಿಸಿಯಾಗುವ ತನಕ ತಿಕ್ಕಿ, ಮಿಕ್ಕಿದ್ದನ್ನು ಒರೆಸಿಬಿಡಬೇಕು. ಗಾಳಿ ತಾಗಿ ಅದು ನಿಧಾನಕ್ಕೆ ಗಟ್ಟಿಯಾಗುತ್ತದೆ. ಅವಸರ ಮಾಡಿ ಜಾಸ್ತಿ ಬಳಿದರೆ ಅಂಟು ಅಂಟು.

ಲೆಕ್ಕವನ್ನೂ ಬೆರಳು ಮಡಚಿ ಹೇಳಿದರು: ದಿನಕ್ಕೊಮ್ಮೆ ಒಂದು ವಾರ, ವಾರಕ್ಕೊಮ್ಮೆ ಒಂದು ತಿಂಗಳು, ತಿಂಗಳಿಗೊಮ್ಮೆ ಒಂದು ವರ್ಷ, ಆಮೇಲೆ ವರ್ಷಕ್ಕೊಮ್ಮೆ. ಕೊನೆಗೆ ಮೇಲೊಂದು ಕೈ ಜೇನುಮೇಣ.

ಹೊರಡುವಾಗ ತೋಳು ಹಿಡಿದು ನಿಲ್ಲಿಸಿದರು. "ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ತಾನೇ ಬಿಸಿಯಾಗಿ ಬೆಂಕಿ ಹತ್ತುತ್ತದೆ. ಹೊರಗೆ ಹರವಿ ಒಣಗಿಸಿ."

ಊರಿಗೆ ಬಂದು ಮೂರು ವಾರವಾಯಿತು. ದಿನಕ್ಕೊಮ್ಮೆಯ ವಾರ ಮುಗಿದಿದೆ. ಇವತ್ತು ಮತ್ತೆ ಎಣ್ಣೆಯ ಸರದಿ. ಬಿಲ್ಲಿನ ಹಿಡಿಯ ಹತ್ತಿರ ಮರದ ಗೆರೆಗಳು ಜೇನಿನ ಬಣ್ಣಕ್ಕೆ ತಿರುಗಿವೆ. ಒರೆಸಿದ ಬಟ್ಟೆ ಅಂಗಳದ ತಂತಿಯ ಮೇಲೆ ಹರವಿದೆ.