ಇಪ್ಪತ್ತು ಕಂಬ, ಹತ್ತೊಂಬತ್ತು ಅಂಕಣ

2021ರ ಜೂನ್ ತಿಂಗಳ ಒಂದು ಬೆಳಗ್ಗೆ. ಆನ್‌ಲೈನ್ ತರಗತಿ ಮುಗಿಸಿ, ಎಲ್ಲರಿಗೂ ನಾಳೆ ಸಿಗೋಣ ಎಂದು ಹೇಳಿ ಐದು ನಿಮಿಷವಾಗಿತ್ತು. ಆದರೂ ಹನ್ನೊಂದು ಹೆಸರುಗಳು ಪರದೆಯ ಮೇಲೆ ಹಾಗೆಯೇ ಉಳಿದಿದ್ದವು. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದೆ. ಯಾರೂ ಓಗೊಡಲಿಲ್ಲ. ನನ್ನ ಹಾಜರಿ ಪುಸ್ತಕದಲ್ಲಿ ಮಾತ್ರ ಆ ಹನ್ನೊಂದು ಮಂದಿಯೂ ಹಾಜರಾಗಿದ್ದರು.

ನಾನು ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಪ್ರಥಮ ದರ್ಜೆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಅಂದು ನನಗೆ ಮೊದಲು ಬಂದದ್ದು ಸಿಟ್ಟು. ಸಂಜೆ ಆ ಹನ್ನೊಂದರಲ್ಲಿ ಒಬ್ಬಳಿಗೆ ಕರೆ ಮಾಡಿದೆ. ಅವಳು ಏನನ್ನೂ ಮುಚ್ಚಿಡಲಿಲ್ಲ. 'ಮೇಡಂ, ಇವತ್ತು ತೋಟಕ್ಕೆ ಕೊಳೆ ಔಷಧಿ ಹೊಡೆಯುವವರು ಬಂದಿದ್ದರು. ತರಗತಿಗೆ ಸೇರಿಕೊಂಡು, ಮೊಬೈಲನ್ನು ಜಗುಲಿಯ ಮೇಲಿಟ್ಟು ಹೋದೆ. ಅಲ್ಲಿ ಬಿಟ್ಟರೆ ಬೇರೆಲ್ಲೂ ನೆಟ್‌ವರ್ಕ್ ಸಿಗುವುದಿಲ್ಲ' ಎಂದಳು. ಸ್ವಲ್ಪ ತಡೆದು, 'ನಾನು ಕೂತಿದ್ದರೂ ನೀವು ಹೇಳುವುದನ್ನು ಕೇಳುವುದು ಮಾತ್ರ ತಾನೇ ಮೇಡಂ, ಅದನ್ನು ಆಮೇಲೆ ನೋಟ್ಸ್‌ನಲ್ಲಿ ಓದಿಕೊಳ್ಳುತ್ತೇನೆ' ಎಂದಳು.

ಆ ಮಾತಿನಲ್ಲಿ ಉದ್ಧಟತನ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ನನ್ನ ತರಗತಿಯಲ್ಲಿ ಅವಳು ಇದ್ದರೆ ಮಾತ್ರ ನಡೆಯುವಂಥದ್ದು ಏನೂ ಇರಲಿಲ್ಲ. ನಾನು ಸ್ಲೈಡುಗಳನ್ನು ತೋರಿಸುತ್ತಾ ಹೋಗುತ್ತಿದ್ದೆ, ನಡುನಡುವೆ 'ಅರ್ಥವಾಯಿತೇ?' ಎಂದು ಕೇಳುತ್ತಿದ್ದೆ. ನಾಲ್ಕೈದು 'ಯೆಸ್ ಮೇಡಂ'ಗಳು ಬರುತ್ತಿದ್ದವು. ಯಾವಾಗಲೂ ಅದೇ ನಾಲ್ಕೈದು ಮಂದಿ. ನಲವತ್ತೆರಡು ಮಂದಿಯ ತರಗತಿಯಲ್ಲಿ ಉಳಿದವರ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂಬುದು ಒಂದು ವರ್ಷದಿಂದಲೂ ನನಗೆ ಗೊತ್ತಿರಲಿಲ್ಲ.

ಪ್ರಯೋಗಾಲಯ ಮುಚ್ಚಿತ್ತು. ಮನೆಯಲ್ಲೇ ಮಾಡಬಹುದಾದದ್ದು ಏನಿದೆ ಎಂದು ಯೋಚಿಸಿ ಕೊನೆಗೆ ಸರಳ ಲೋಲಕವನ್ನು ಆರಿಸಿಕೊಂಡೆ. ಪಿಯುಸಿಯಲ್ಲೇ ಎಲ್ಲರೂ ಮಾಡಿ ಮುಗಿಸಿದ ಪ್ರಯೋಗ ಅದು. ಒಂದು ದಾರ, ತುದಿಗೆ ಬೀಗವೋ ಕಲ್ಲೋ ಏನಾದರೊಂದು ಭಾರ, ಮೇಲೊಂದು ಮೊಳೆ ಇದ್ದರೆ ಸಾಕು. ಸ್ವಲ್ಪವೇ ಪಕ್ಕಕ್ಕೆ ಎಳೆದು ಬಿಡಬೇಕು, ಇಪ್ಪತ್ತು ಆಂದೋಲನಗಳಿಗೆ (ಹೋಗಿ ಮರಳಿ ಬಂದರೆ ಒಂದು) ಎಷ್ಟು ಸೆಕೆಂಡು ಹಿಡಿಯಿತು ಎಂದು ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಅಳೆಯಬೇಕು, ಆ ಸಮಯ ಮತ್ತು ದಾರದ ಉದ್ದದಿಂದ ಗುರುತ್ವ ವೇಗೋತ್ಕರ್ಷವನ್ನು, ಅಂದರೆ ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂಬುದನ್ನು, ಲೆಕ್ಕ ಹಾಕಬೇಕು. ಎರಡೇ ಷರತ್ತು ಹಾಕಿದೆ. ಒಬ್ಬೊಬ್ಬರ ದಾರ ಒಂದೊಂದು ಉದ್ದ ಇರಬೇಕು. ಎಣಿಸುವಾಗ ಬಾಯಿಬಿಟ್ಟು ಎಣಿಸಿ, ಆ ಧ್ವನಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ನನಗೆ ಕಳುಹಿಸಬೇಕು.

ಮೊದಲ ಷರತ್ತಿಗೆ ಕಾರಣವಿತ್ತು. ಪ್ರಯೋಗಾಲಯದಲ್ಲಿ ಇದೇ ಪ್ರಯೋಗ ಮಾಡಿಸಿದಾಗ ಎಲ್ಲರ ಉತ್ತರವೂ ಪುಸ್ತಕದಲ್ಲಿರುವ 9.8ರ ಆಸುಪಾಸಿನಲ್ಲೇ ಬರುತ್ತದೆ. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ಕೈಯಿಂದ ಕೈಗೆ ದಾಟಿರುತ್ತದೆ. ಉತ್ತರ ಮೊದಲೇ ಗೊತ್ತಿರುವುದರಿಂದ ಅಳತೆಯನ್ನು ಉತ್ತರಕ್ಕೆ ತಕ್ಕಂತೆ ಹೊಂದಿಸಿ ಬರೆಯುವುದು ಮಕ್ಕಳಿಗೆ ರೂಢಿಯಾಗಿಬಿಟ್ಟಿದೆ. ಅದಕ್ಕೆ ಅವರನ್ನು ದೂರುವುದು ತಪ್ಪು, ಏಕೆಂದರೆ ಅಂಕ ಕೊಡುವವರು ನಾವು, ಮತ್ತು ನಾವು ಅಂಕ ಕೊಡುವುದು 9.8ಕ್ಕೆ. ಈ ಸಲ ಅಂಕ ಇರುವುದು ಉತ್ತರಕ್ಕಲ್ಲ, ಕಂಡದ್ದನ್ನು ಕಂಡಂತೆ ಬರೆದದ್ದಕ್ಕೆ ಎಂದು ಮೊದಲೇ ಹೇಳಿದ್ದೆ.

ಮೂರು ದಿನಗಳಲ್ಲಿ ಧ್ವನಿಗಳು ಬಂದವು. ಹೆಂಚಿನ ಮೇಲೆ ಮಳೆ ಬೀಳುವ ಸದ್ದು, ಕೊಟ್ಟಿಗೆಯಿಂದ ಎಮ್ಮೆಯ ಕೂಗು, 'ಸ್ವಲ್ಪ ಸುಮ್ಮನಿರೋ' ಎಂದು ತಮ್ಮನನ್ನು ಗದರುವುದು, ಇವೆಲ್ಲದರ ನಡುವೆ ಒಂದು, ಎರಡು, ಮೂರು ಎಂಬ ಎಣಿಕೆ. ವರ್ಷವಿಡೀ ಹೆಸರುಗಳಾಗಿಯೇ ಉಳಿದಿದ್ದವರ ಮನೆಯೊಳಗೆ ಹೋಗಿ ಕುಳಿತಂತೆ ಆಯಿತು ನನಗೆ.

ಸಂಖ್ಯೆಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಹಾಕಿದೆ. ಸಾಮಾನ್ಯವಾಗಿ ಇಂಥ ಅಳತೆಗಳು ಸರಿಯಾದ ಉತ್ತರದ ಆಚೀಚೆ ಚದುರಿರುತ್ತವೆ. ಇಲ್ಲಿ ಹಾಗಿರಲಿಲ್ಲ. ಎರಡು ಗುಂಪುಗಳಿದ್ದವು. ಒಂದು ಗುಂಪು 9.8ರ ಹತ್ತಿರ, ಇನ್ನೊಂದು ಸುಮಾರು ಅಷ್ಟೇ ದೊಡ್ಡದು, 10.9ರ ಹತ್ತಿರ. ನಡುವೆ ಹೆಚ್ಚುಕಡಿಮೆ ಖಾಲಿ. ತೋಟಕ್ಕೆ ಹೋಗಿದ್ದ ಹುಡುಗಿಯದು 80 ಸೆಂಟಿಮೀಟರ್ ದಾರ, ಇಪ್ಪತ್ತು ಆಂದೋಲನಕ್ಕೆ 34.1 ಸೆಕೆಂಡ್, ಉತ್ತರ 10.86. ಬೇಕಾಬಿಟ್ಟಿ ಅಳೆದವಳಲ್ಲ ಅವಳು; ಮೂರು ಸಲ ಮಾಡಿ, ಮೂರನ್ನೂ ಬರೆದು ಕಳುಹಿಸಿದ್ದಳು.

ಧ್ವನಿಗಳನ್ನು ಮತ್ತೆ ಕೇಳಿದಾಗ ಕಾರಣ ತಿಳಿಯಿತು. ಹೇಳಿಬಿಡೋಣ ಎಂದು ಬೆರಳು ಮೊಬೈಲಿನ ಮೇಲೆ ಹೋಗಿತ್ತು. ತಡೆದುಕೊಂಡೆ. ಹಾಗೆ ತಡೆದುಕೊಂಡದ್ದು ಇಷ್ಟು ವರ್ಷದ ನನ್ನ ಕೆಲಸದಲ್ಲಿ ನಾನು ಮಾಡಿದ ಒಳ್ಳೆಯ ತೀರ್ಮಾನಗಳಲ್ಲೊಂದು ಎಂದು ಈಗಲೂ ನಂಬುತ್ತೇನೆ. ಇಬ್ಬರ ಒಪ್ಪಿಗೆ ಪಡೆದು, ಅವರ ಎರಡು ಧ್ವನಿಗಳನ್ನು ಗುಂಪಿಗೆ ಹಾಕಿದೆ. ಒಂದರಲ್ಲಿ ಭಾರವನ್ನು ಬಿಟ್ಟ ಕ್ಷಣಕ್ಕೆ 'ಸೊನ್ನೆ' ಎಂಬ ಮಾತು, ಇನ್ನೊಂದರಲ್ಲಿ 'ಒಂದು'. ಒಂದೇ ಪ್ರಶ್ನೆ ಕೇಳಿದೆ: ಇಬ್ಬರೂ ಇಪ್ಪತ್ತರವರೆಗೆ ಎಣಿಸಿದ್ದಾರೆ, ಇಬ್ಬರ ಭಾರವೂ ಅಷ್ಟೇ ಸಲ ತೂಗಿತೇ?

ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ತೋಟದ ಹುಡುಗಿಯಿಂದಲೇ ಒಂದು ಸಾಲು ಬಂತು. 'ಮೇಡಂ, ನಮ್ಮ ಕೊಟ್ಟಿಗೆಗೆ ಐದು ಕಂಬ, ನಾಲ್ಕೇ ಅಂಕಣ. ನಾನು ಕಂಬ ಎಣಿಸಿದ್ದೇನೆ, ಅಂಕಣ ಎಣಿಸಬೇಕಿತ್ತು.'

ಎರಡು ಕಂಬಗಳ ನಡುವಿನ ಜಾಗವೇ ಅಂಕಣ. ಬಿಟ್ಟ ಕ್ಷಣಕ್ಕೇ 'ಒಂದು' ಎಂದು ಶುರು ಮಾಡಿದರೆ 'ಇಪ್ಪತ್ತು' ಎನ್ನುವ ಹೊತ್ತಿಗೆ ಆಗಿರುವುದು ಹತ್ತೊಂಬತ್ತೇ ಆಂದೋಲನ. ಅದಕ್ಕೆ ಹಿಡಿದ ಸಮಯವನ್ನು ಇಪ್ಪತ್ತರಿಂದ ಭಾಗಿಸಿದರೆ ಒಂದು ಆಂದೋಲನದ ಅವಧಿ ಕಡಿಮೆಯಾಗುತ್ತದೆ, ಉತ್ತರ ಶೇಕಡ ಹನ್ನೊಂದರಷ್ಟು ಹೆಚ್ಚಾಗುತ್ತದೆ. ಅರ್ಧ ತರಗತಿಯ 10.9 ಅದೇ. ಆ ಸಂಜೆ ಗುಂಪಿನಲ್ಲಿ ನಡೆದ ಮಾತುಕತೆಯಂಥದ್ದನ್ನು ನಾನು ಅದಕ್ಕೆ ಮೊದಲು ಆನ್‌ಲೈನ್‌ನಲ್ಲಿ ಕಂಡಿರಲಿಲ್ಲ. ತಮ್ಮ ತಪ್ಪನ್ನು ತಾವೇ ತಿದ್ದಿ ಹೊಸ ಉತ್ತರ ಹಾಕುವವರು, ಇನ್ನೊಬ್ಬರ ದಾರದ ಉದ್ದವನ್ನು ಭಾರದ ನಡುವಿನವರೆಗೆ ಅಳೆದಿಲ್ಲ ಎಂದು ಹಿಡಿದುಹಾಕುವವರು, ರಾತ್ರಿ ಹತ್ತಕ್ಕೆ ಮತ್ತೊಮ್ಮೆ ಅಳೆದು ಕಳುಹಿಸಿದವರು. ಪಿಯುಸಿಯಲ್ಲಿ 9.8 ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದ ಮಕ್ಕಳೇ ಇವರು.

ಅವರು ಬರೆದದ್ದು ಕನ್ನಡದಲ್ಲಿ. ನಮ್ಮ ಪಠ್ಯ ಇಂಗ್ಲಿಷಿನಲ್ಲಿದೆ, ಪರೀಕ್ಷೆಯೂ ಇಂಗ್ಲಿಷಿನಲ್ಲಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಎಲ್ಲರೂ ನೋಡುವ ಚಾಟ್‌ನಲ್ಲಿ ಒಂದು ಇಂಗ್ಲಿಷ್ ವಾಕ್ಯ ಬರೆಯುವುದು ಎಂಥ ಭಯ ಎಂಬುದು ನನಗೆ ಗೊತ್ತು, ನಾನೂ ಅಲ್ಲಿಂದಲೇ ಬಂದವಳು. ಕಂಬ, ಅಂಕಣ ಎಂಬ ಮಾತು ಇಂಗ್ಲಿಷಿನಲ್ಲಿ ಯೋಚಿಸುವಂತೆ ಒತ್ತಾಯಿಸಿದ್ದರೆ ಆ ಹುಡುಗಿಗೆ ಹೊಳೆಯುತ್ತಲೇ ಇರಲಿಲ್ಲ. ಅಂದಿನಿಂದ ಚರ್ಚೆ ಕನ್ನಡದಲ್ಲಿ, ಕೊನೆಯಲ್ಲಿ ಎಲ್ಲರೂ ಕೂಡಿ ಅದನ್ನು ಇಂಗ್ಲಿಷಿನಲ್ಲಿ ಬರೆಯುವುದು. ಇದಕ್ಕೆ ಹೆಚ್ಚು ಸಮಯ ಬೇಕಾಗುತ್ತದೆ. ಬೇಕಾದರೆ ಆಗಲಿ.

ಆನ್‌ಲೈನ್‌ನ ನೇರ ತರಗತಿಯಲ್ಲಿಯೂ ಒಂದು ಬದಲಾವಣೆ ಮಾಡಿಕೊಂಡೆ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ಎಂಬುವರು 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೂ ಸಾಕು, ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಂದಿ ಬಾಯಿಬಿಡುತ್ತಾರೆ ಎಂದು ತೋರಿಸಿದ್ದರು. ಅದು ಎದುರಾಎದುರು ಕುಳಿತ ತರಗತಿಯ ಮಾತು. ಗುಡ್ಡದ ಮೇಲೆ ಕೊಡೆ ಹಿಡಿದು ಕುಳಿತ ಹುಡುಗನಿಗೆ ನನ್ನ ಪ್ರಶ್ನೆ ತಲುಪಬೇಕು, ಅವನು ಯೋಚಿಸಬೇಕು, ಕನ್ನಡ ಕೀಲಿಮಣೆಯಲ್ಲಿ ಬರೆಯಬೇಕು, ಅದು ನನ್ನವರೆಗೆ ಬರಬೇಕು. ಆದ್ದರಿಂದ ನನ್ನ ಮೇಜಿನ ಪಕ್ಕದಲ್ಲೊಂದು ಮೀಟರ್ ಉದ್ದದ ಲೋಲಕ ಕಟ್ಟಿದೆ. ಅದರ ಒಂದು ಆಂದೋಲನಕ್ಕೆ ಎರಡು ಸೆಕೆಂಡ್. ಪ್ರಶ್ನೆ ಕೇಳಿ ಅದನ್ನು ತೂಗಿಬಿಟ್ಟು, ಹತ್ತು ಸಲ ತೂಗುವವರೆಗೆ ಬಾಯಿ ಮುಚ್ಚಿಕೊಂಡಿರುವುದು. ಆ ಇಪ್ಪತ್ತು ಸೆಕೆಂಡು ಮೊದಮೊದಲು ಉಸಿರುಗಟ್ಟಿದಂತಾಗುತ್ತಿತ್ತು. ಆರನೆಯದೋ ಏಳನೆಯದೋ ತೂಗಿಗೆ ಮೊದಲ ಉತ್ತರ ಬರುತ್ತದೆ, ಅದರ ಹಿಂದೆಯೇ ಸಾಲಾಗಿ ಉಳಿದವು.

ಸೋತ ಪ್ರಯತ್ನಗಳೂ ಇವೆ. ವಾರಕ್ಕೊಂದು ರಸಪ್ರಶ್ನೆ ಮಾಡಿ ಅಂಕಗಳ ಪಟ್ಟಿ ಹಾಕಿದೆ. ಅದೇ ಆರು ಹೆಸರುಗಳು ಮೇಲೆ ಬಂದವು, ಕೆಳಗಿದ್ದವರು ಮೂರನೆಯ ವಾರಕ್ಕೆ ಬರುವುದನ್ನೇ ಬಿಟ್ಟರು. ನಿಲ್ಲಿಸಿದೆ. ಕ್ಯಾಮೆರಾ ಕಡ್ಡಾಯ ಮಾಡಿದೆ. ಒಂದೇ ಕೋಣೆಯ ಮನೆಯಲ್ಲಿ ಅಜ್ಜಿ ಮಲಗಿರುವುದನ್ನು ಎಲ್ಲರಿಗೂ ತೋರಿಸಬೇಕಾಗಿ ಬಂದ ಮಗುವಿನ ಸಂಕಟ ತಿಳಿದ ದಿನವೇ ಅದನ್ನೂ ಬಿಟ್ಟೆ.

ಕಾಲೇಜು ತೆರೆದ ಮೇಲೆ ಇದೆಲ್ಲ ಮುಗಿಯಿತು ಎಂದು ಹಲವರು ನಿಟ್ಟುಸಿರು ಬಿಟ್ಟರು. ನಾನು ಕೆಲವನ್ನು ಉಳಿಸಿಕೊಂಡೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2021ರ ಮೇ ತಿಂಗಳಲ್ಲಿ ಮಿಶ್ರ ಕಲಿಕೆಯ ಕುರಿತ ಟಿಪ್ಪಣಿಯನ್ನು ಪ್ರಕಟಿಸಿ, ಒಂದು ಕೋರ್ಸಿನ ಶೇಕಡ 40ರವರೆಗೆ ಆನ್‌ಲೈನ್‌ನಲ್ಲಿ, ಉಳಿದದ್ದನ್ನು ತರಗತಿಯಲ್ಲಿ ಕಲಿಸಬಹುದು ಎಂದಿತು. ಅದನ್ನು ಗಂಟೆಗಳ ಲೆಕ್ಕವಾಗಿ ಓದಿದರೆ ವೇಳಾಪಟ್ಟಿ ಸಿದ್ಧವಾಗುತ್ತದೆ, ಅಷ್ಟೇ. ನಾನು ಕೇಳಿಕೊಳ್ಳುವುದು ಬೇರೆ: ಒಬ್ಬರೇ ಇದ್ದಾಗ ಚೆನ್ನಾಗಿ ಆಗುವ ಕೆಲಸ ಯಾವುದು, ಕೂಡಿ ಕುಳಿತಾಗ ಮಾತ್ರ ಆಗುವ ಕೆಲಸ ಯಾವುದು? ಅಳೆಯುವುದು, ಕೇಳುವುದು, ತಪ್ಪು ಮಾಡುವುದು ಮನೆಯಲ್ಲಿ. ಆ ತಪ್ಪುಗಳನ್ನು ಹಲಗೆಯ ಮೇಲೆ ಹೆಸರಿಲ್ಲದೆ ಬರೆದು ವಾದ ಮಾಡುವುದು ತರಗತಿಯಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಿಂದ ಮಾಡಿಕೊಂಡು ಬಂದದ್ದೂ ಇದೇ ಜಾಡಿನದು: ಪ್ರಶ್ನೆ ಕೇಳು, ಒಬ್ಬೊಬ್ಬರೂ ಉತ್ತರ ಆರಿಸಲಿ, ಪಕ್ಕದವರನ್ನು ಒಪ್ಪಿಸಲು ನೋಡಲಿ, ಮತ್ತೆ ಉತ್ತರ ಆರಿಸಲಿ.

ಭಾನುವಾರ ಸಂಜೆ ಆರು ನಿಮಿಷದ ಒಂದು ಧ್ವನಿ ಸಂದೇಶ ಕಳುಹಿಸುತ್ತೇನೆ. ಅದು ಒಂದು ಎಂಬಿಯ ಆಸುಪಾಸಿನಲ್ಲಿರುತ್ತದೆ, ಒಂದೇ ಕಡ್ಡಿ ನೆಟ್‌ವರ್ಕ್ ಇದ್ದರೂ ಇಳಿಯುತ್ತದೆ. ಅದರ ಕೊನೆಗೆ ಮನೆಯಲ್ಲೇ ಮಾಡುವ ಒಂದು ಕೆಲಸ ಇರುತ್ತದೆ. ಬಂದ ಪ್ರತಿ ಉತ್ತರಕ್ಕೂ ಅದೇ ದಿನ, ಹೆಸರು ಹಿಡಿದು, ಹತ್ತು ಹದಿನೈದು ಸೆಕೆಂಡಿನ ಮಾತು ವಾಪಸ್ ಕಳುಹಿಸುತ್ತೇನೆ. 'ನಿನ್ನ ಮೂರನೆಯ ಅಳತೆ ಬೇರೆಯಾಗಿದೆ, ಆಗ ಗಾಳಿ ಇತ್ತೇ?' ಎಂಬಷ್ಟು. ಚೆನ್ನಾಗಿದೆ ಎಂದು ಹೆಬ್ಬೆರಳಿನ ಚಿತ್ರ ಹಾಕಿದಾಗ ಮಾತು ಅಲ್ಲಿಗೇ ನಿಂತುಹೋಗುತ್ತಿತ್ತು. ಪ್ರಶ್ನೆ ಕೇಳಿದಾಗ ಇನ್ನೊಂದು ಉತ್ತರ ಬರುತ್ತದೆ. ಎಲ್ಲಕ್ಕೂ ಸೇರಿ ನನಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಸ್ಲೈಡುಗಳನ್ನು ಅಂದಗಾಣಿಸಲು ಹಿಂದೆ ಅದಕ್ಕಿಂತ ಹೆಚ್ಚು ಹೊತ್ತು ಕಳೆಯುತ್ತಿದ್ದೆ.

ಮೊಬೈಲ್ ಇಲ್ಲದವರನ್ನು ಅದೇ ಊರಿನ ಅಥವಾ ಅದೇ ಬಸ್ಸಿನವರ ಜೊತೆ ಜೋಡಿ ಮಾಡಿದ್ದೇನೆ. ಅದೂ ಆಗದವರು ಈ ವರ್ಷ ನಾಲ್ವರಿದ್ದಾರೆ. ಅವರಿಗಾಗಿ ಶನಿವಾರ ಅರ್ಧ ಹಾಳೆಯಲ್ಲಿ ಪ್ರಶ್ನೆ ಬರೆದುಕೊಡುತ್ತೇನೆ, ಸೋಮವಾರ ಬೆಳಗ್ಗೆ ಬಸ್ ಇಳಿದವರು ನೇರ ನನ್ನ ಕೋಣೆಗೆ ಬಂದು ಅದನ್ನು ಕೊಡುತ್ತಾರೆ, ನಿಂತಲ್ಲೇ ಎರಡು ಮಾತಾಡುತ್ತೇವೆ.

ಈ ವಾರದ ಕೆಲಸ ಮನೆಯದಲ್ಲ, ಕಾಲೇಜಿನ ಗಣಕದ್ದು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು ಫೆಟ್ ಎಂಬ ಹೆಸರಿನಲ್ಲಿ 2002ರಿಂದ ಉಚಿತವಾಗಿ ಕೊಡುತ್ತಿರುವ ಪ್ರಯೋಗಗಳಲ್ಲಿ ಲೋಲಕದ್ದೂ ಒಂದಿದೆ. ಚಂದ್ರನ ಮೇಲೆ, ಗುರುಗ್ರಹದ ಮೇಲೆ, ಮತ್ತೆ ಹೆಸರೇ ಇಲ್ಲದ ಒಂದು ಗ್ರಹದ ಮೇಲೂ ಲೋಲಕವನ್ನು ತೂಗಿ ನೋಡಬಹುದು. ಆ ಹೆಸರಿಲ್ಲದ ಗ್ರಹದ ಗುರುತ್ವ ಎಷ್ಟು ಎಂದು ಕಂಡುಹಿಡಿಯಬೇಕು. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕದಲ್ಲಿ ಆ ಉತ್ತರ ಇಲ್ಲ. ಇದನ್ನು ಬರೆಯುತ್ತಿರುವಾಗ ಹದಿನಾರು ಉತ್ತರಗಳು ಬಂದಿವೆ, ಅವುಗಳಲ್ಲಿ ಐದು ಉಳಿದವುಗಳಿಗಿಂತ ಶೇಕಡ ಹನ್ನೊಂದರಷ್ಟು ಹೆಚ್ಚಿವೆ. ಆ ಐವರಿಗೆ ಇನ್ನೂ ಏನೂ ಹೇಳಿಲ್ಲ. ನಿಮ್ಮ ಮನೆಯ ಕೊಟ್ಟಿಗೆಗೆ ಎಷ್ಟು ಕಂಬ ಎಂದು ಮಾತ್ರ ಕೇಳಿದ್ದೇನೆ.