ಮಸುಕಿನ ಜಾಡು ಹಿಡಿದು: ಪುಣೆ ಸುತ್ತಮುತ್ತ 500 ಮಿಮೀ ಲೆನ್ಸ್

ಹಕ್ಕಿ, ಪ್ರಾಣಿಗಳ ಫೋಟೊ ತೆಗೆಯುವ ಈ ಸೀಸನ್ನಿನ ಕೆಲಸ ಒಂದೇ. ಫೋಟೊ ಮಸುಕಾಗಿ ಬಂದರೆ, ಯಾಕೆ ಮಸುಕಾಯಿತು ಅಂತ ಆ ಫೋಟೊ ನೋಡಿಯೇ ಹೇಳಲು ಬರಬೇಕು. ಹೊಸ ಲೆನ್ಸ್ ಕೊಳ್ಳುವ ಮಾತೆಲ್ಲ ಆಮೇಲೆ. ಸಾಮಾನು ಹಳೆಯದೇ: ನಿಕಾನ್ ಡಿ500 ಕ್ಯಾಮೆರಾ, ಅದಕ್ಕೆ 200-500 ಮಿಮೀ ಎಫ್ 5.6 ಜೂಮ್ (ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಅಂಕಿ ಏರಿದಷ್ಟೂ ಬೆಳಕು ಕಡಿಮೆ). ಸಣ್ಣ ಸೆನ್ಸರ್ ಆದ್ದರಿಂದ 500 ಅನ್ನುವುದು 750ರಷ್ಟು ಹತ್ತಿರ ತೋರಿಸುತ್ತದೆ. ಲೆನ್ಸ್ ಒಂದೇ 2.3 ಕಿಲೊ, ಅರ್ಧ ಗಂಟೆ ಎತ್ತಿ ಹಿಡಿದರೆ ಎಡಗೈ ಬೇರೆಯವರದ್ದು ಅನ್ನಿಸುತ್ತದೆ.

ಜೊತೆಗೆ ಬರುವ ಗೆಳೆಯ ವಿಜಯಪುರದ ಕಡೆಯವನು, ಹಿಂಜವಡಿಯಲ್ಲಿ ಕೆಲಸ. ಅವನ ಹತ್ತಿರ ಬೈನಾಕ್ಯುಲರ್ ಮಾತ್ರ. ಹಕ್ಕಿ ಹುಡುಕುವುದು ಅವನು, ಗೊಣಗುವುದು ನಾನು.

ನವೆಂಬರ್, ಕೋಥ್ರೂಡ್‌ನ ಟೆರೇಸ್

ಮೊದಲು ಲೆನ್ಸಿನ ಮೇಲಿನ ಅನುಮಾನ ತೀರಿಸಿಕೊಳ್ಳಬೇಕಿತ್ತು. ಡಿಎಸ್‌ಎಲ್‌ಆರ್‌ನಲ್ಲಿ, ಅಂದರೆ ಡಿ500ನಂಥ ಕನ್ನಡಿಯಿರುವ ಕ್ಯಾಮೆರಾದಲ್ಲಿ, ಫೋಕಸ್ ಅಳೆಯುವ ಸೆನ್ಸರ್ ಬೇರೆ, ಚಿತ್ರ ಹಿಡಿಯುವ ಸೆನ್ಸರ್ ಬೇರೆ. ಎರಡಕ್ಕೂ ಕೂದಲೆಳೆಯಷ್ಟು ತಾಳ ತಪ್ಪಿದರೂ ಫೋಕಸ್ ಕಣ್ಣಿನ ಬದಲು ಕಿವಿಯ ಮೇಲೆ ಕೂರುತ್ತದೆ. ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿ ತೆಗೆಯುವುದು) ಈ ತಾಪತ್ರಯ ಇಲ್ಲ, ಅಲ್ಲಿ ಚಿತ್ರದ ಸೆನ್ಸರೇ ಫೋಕಸ್ ನೋಡುತ್ತದೆ. ಹಾಗಾಗಿ ಪರೀಕ್ಷೆ ಸುಲಭ. ಟ್ರೈಪಾಡ್ ಮೇಲಿಟ್ಟು, ಒಂದೇ ಗುರಿಯನ್ನು ಎರಡೂ ಬಗೆಯಲ್ಲಿ ತೆಗೆದು ಪಕ್ಕಪಕ್ಕ ಇಟ್ಟು ನೋಡುವುದು.

ಗುರಿಗೆ ಏನು? ಗೆಳೆಯನ ಊರಿಂದ ಶೇಂಗಾ ಹೋಳಿಗೆ ಸುತ್ತಿ ಬಂದ ಕನ್ನಡ ಪೇಪರ್. ಅದನ್ನು ರಟ್ಟಿಗೆ ಅಂಟಿಸಿ 12 ಮೀಟರ್ ದೂರದಲ್ಲಿ ನೀರಿನ ಟ್ಯಾಂಕಿಗೆ ಒರಗಿಸಿದೆ. ಇಂಥ ಪರೀಕ್ಷೆಗೆ ನಮ್ಮ ಲಿಪಿಯಷ್ಟು ಒಳ್ಳೆಯ ಚಾರ್ಟ್ ಸಿಗಲಿಕ್ಕಿಲ್ಲ. ತಲೆಬರಹದಲ್ಲಿ ಒತ್ತಕ್ಷರದ ಬಾಲ ಬಿಡಿಯಾಗಿ ಕಂಡರೆ ಪಾಸು. 'ಕ್ಷ'ದ ಹೊಟ್ಟೆಯೊಳಗೆ ಬಿಳಿ ಉಳಿಯದೆ ಮಸಿ ಮಸಿಯಾದರೆ ಫೇಲು.

ಎರಡೂ ಬಗೆಯಲ್ಲಿ ಒತ್ತಕ್ಷರ ಒಂದೇ ಥರ ಬಂತು. ಎಫ್ 8ಕ್ಕೆ ಇಳಿಸಿದರೆ ಸ್ವಲ್ಪ ಕಡಕ್ ಆಗುತ್ತದೆ, ಆದರೆ ನೂರಕ್ಕೆ ನೂರು ಹಿಗ್ಗಿಸಿ ನೋಡಿದಾಗ ಮಾತ್ರ. ಅಷ್ಟಕ್ಕಾಗಿ ಬೆಳಕು ಅರ್ಧ ಕಳೆದುಕೊಳ್ಳುವುದು ಬೇಡ ಅಂತ 5.6ರಲ್ಲೇ ಉಳಿದೆ. ಮುಂದಿನ ಗಾಜಿಗೆ ಹಾಕಿದ್ದ ಅಗ್ಗದ ಯುವಿ ಫಿಲ್ಟರ್ ಇದ್ದಾಗ ಮಾತ್ರ ಅಕ್ಷರದ ಅಂಚು ಮೆತ್ತಗಾಗುತ್ತಿತ್ತು. ಅದು ಡ್ರಾಯರ್ ಸೇರಿತು. ಧೂಳಿಗೆ, ಗುದ್ದಿಗೆ ಲೆನ್ಸ್ ಹುಡ್ ಸಾಕು.

ಅಲ್ಲಿಗೆ ಲೆನ್ಸ್ ನಿರಪರಾಧಿ. ಹಾಗಾದರೆ ಮಸುಕು ಎಲ್ಲಿಂದ?

ಡಿಸೆಂಬರ್, ಕವಡಿ

ಲೋಣಿ ಕಾಳಭೋರ್ ಹತ್ತಿರ ಮುಳಾ-ಮುಠಾ ನದಿಗೆ ಕಟ್ಟಿದ ಹಳೇ ಒಡ್ಡು. ನೀರಿನ ಮೇಲೆ ನೊರೆ, ದಡದ ಜಾಲಿಗೆ ನೇತುಬಿದ್ದ ಪ್ಲಾಸ್ಟಿಕ್, ವಾಸನೆ ಬೇರೆ. ಆದರೂ ಚಳಿಗಾಲದಲ್ಲಿ ಬಾತು, ಮೆಟ್ಟುಗಾಲು ಹಕ್ಕಿ, ಸಿಪಿಲೆ ಎಲ್ಲ ಅಲ್ಲೇ. ಹಕ್ಕಿಗಳು ಹತ್ತಿರ ಬರುತ್ತವೆ, ಅದಕ್ಕೇ ಹೋಗುವುದು.

ಹತ್ತಿರ ಅಂದರೆ ಇಲ್ಲಿ ಇನ್ನೊಂದು ಪೇಚು. 500 ಮಿಮೀ, ಎಫ್ 5.6, ಹಕ್ಕಿ 10 ಮೀಟರ್ ದೂರ: ಲೆಕ್ಕ ಹಾಕಿದರೆ ಚೂಪಾಗಿ ಬರುವ ಆಳ ಸುಮಾರು 9 ಸೆಂಟಿಮೀಟರ್. 5 ಮೀಟರಿಗೆ ಬಂದರೆ ಎರಡು ಸೆಂಟಿಮೀಟರ್ ಚಿಲ್ಲರೆ. ಸಿಪಿಲೆ ನಮ್ಮ ಕಡೆ ಮುಖ ಮಾಡಿ ನಿಂತರೆ ಕೊಕ್ಕಿನಿಂದ ಬಾಲದವರೆಗೆ ಹಿಡಿಯಲು ಅದು ಸಾಲದು. ಕಣ್ಣು ಸಿಕ್ಕರೆ ಫೋಟೊ, ರೆಕ್ಕೆ ಸಿಕ್ಕರೆ ಇಲ್ಲ.

ಇಲ್ಲಿ ಕಲಿತ ಓದು ಇದು. ಮಸುಕಾದ ಫೋಟೊದಲ್ಲಿ ಬೇರೆ ಏನಾದರೂ ಚೂಪಾಗಿದೆಯಾ ಅಂತ ಮೊದಲು ಹುಡುಕಬೇಕು. ಮುಂದಿನ ಹುಲ್ಲುಕಡ್ಡಿಯೋ, ಹಿಂದಿನ ಕಲ್ಲೋ ಗರಿಗರಿಯಾಗಿದ್ದರೆ ಅದು ಫೋಕಸ್ ತಪ್ಪಿದ್ದು. ಶಟರ್ ವೇಗ ಎಷ್ಟೇ ಏರಿಸಿದರೂ ಸರಿಹೋಗದು. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ನಡುಗಿದ್ದು. ಮೈ ಚೂಪು, ರೆಕ್ಕೆಯ ತುದಿ ಮಾತ್ರ ಎಳೆದಿದ್ದರೆ ಹಕ್ಕಿಯದೇ ಓಟ. ಏನೂ ಚೂಪಿಲ್ಲ, ಎಳೆದ ಗುರುತೂ ಇಲ್ಲ ಅಂತಾದರೆ? ಅದರ ಕಥೆ ಮುಂದೆ ಬರುತ್ತದೆ.

ಹುಲ್ಲಿನ ನಡುವಿನ ಹಕ್ಕಿಗೆ ಒಂಟಿ ಫೋಕಸ್ ಪಾಯಿಂಟ್, ಬಯಲಿನ ಹಾರುವ ಹಕ್ಕಿಗೆ ಗ್ರೂಪ್ ಏರಿಯಾ, ಅಂದರೆ ಅಕ್ಕಪಕ್ಕದ ಕೆಲವು ಪಾಯಿಂಟ್ ಒಟ್ಟಿಗೆ. ಫೋಕಸ್ ಮಾಡುವ ಕೆಲಸ ಶಟರ್ ಬಟನ್ನಿಗಲ್ಲ, ಕ್ಯಾಮೆರಾ ಹಿಂಬದಿಯ ಬಟನ್ನಿಗೆ. ಲೆನ್ಸಿನ ಪಕ್ಕದ ಸ್ವಿಚ್ಚನ್ನು 6 ಮೀಟರಿನಿಂದಾಚೆಗೆ ಇಟ್ಟರೆ ಫೋಕಸ್ ಸುಮ್ನೆ ಹತ್ತಿರಕ್ಕೆ ಓಡಿಹೋಗಿ ಹುಡುಕಾಡುವುದು ತಪ್ಪುತ್ತದೆ. ಕಪ್ಪು-ಬಿಳಿ ಮಿಂಚುಳ್ಳಿ ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುತ್ತದಲ್ಲ, ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಹಕ್ಕಿ ಇಲ್ಲ. ಹಾರುತ್ತಲೂ ಇರುತ್ತದೆ, ಜಾಗವನ್ನೂ ಬಿಡುವುದಿಲ್ಲ.

ಜನವರಿ, ಭಿಗವಣ್

ಸೋಲಾಪುರ ರಸ್ತೆಯಲ್ಲಿ ಪುಣೆಯಿಂದ 100 ಕಿಮೀ ಆಸುಪಾಸು. ಉಜನಿ ಡ್ಯಾಮಿನ ಹಿನ್ನೀರು. ಭೀಮಾ ನದಿ ಇದು, ಇಲ್ಲಿಂದ ಇಳಿದು ನಮ್ಮ ಕಡೆಗೇ ಹೋಗುತ್ತದೆ. ಗೆಳೆಯನಿಗೆ ಅದರ ಮೇಲೆ ವಿಶೇಷ ಹಕ್ಕು. 'ನಮ್ಮ ಹೊಳಿ' ಅಂತ ದೋಣಿಯವನಿಗೆ ಮರಾಠಿಯಲ್ಲಿ ವಾದ ಹೂಡಿದ. ದೋಣಿಯವನು ನಕ್ಕು ಕೋಲು ಹಾಕಿದ.

ದೋಣಿಯಲ್ಲಿ ಟ್ರೈಪಾಡ್ ಬೇಡವೇ ಬೇಡ. ಎಂಜಿನ್ನಿನ ನಡುಕ ಕಾಲುಗಳ ಮೂಲಕ ನೇರ ಲೆನ್ಸಿಗೆ ಹತ್ತುತ್ತದೆ. ನಮ್ಮದು ಬೀನ್ ಬ್ಯಾಗ್. ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಒಳಗೆ ಎರಡು ಕಿಲೊ ಬಿಳಿಜೋಳ ತುಂಬಿ ಹೊಲಿದದ್ದು. ನಾನು ಅಕ್ಕಿ ಅಂದಿದ್ದೆ, ಜೋಳ ಗೆಳೆಯನ ಹಟ. ಅವನೇ ಸರಿ. ಗುಂಡು ಕಾಳು ಲೆನ್ಸಿನ ಕೆಳಗೆ ಬೇಗ ಜರುಗಿ ಗಟ್ಟಿಯಾಗಿ ಕೂರುತ್ತದೆ. ದೋಣಿಯ ಅಂಚಿಗೆ ಹಾಕಿ, ಎಡಗೈಯನ್ನು ಲೆನ್ಸಿನ ಮೇಲೆ ಮೆಲ್ಲಗೆ ಊರಿದರೆ ಸಾಕು.

ನದಿ ರೀವ (ರಿವರ್ ಟರ್ನ್) ಹಾರುವಾಗ ಏನಾಗುತ್ತದೆ ನೋಡಿ. ಹಕ್ಕಿ 25 ಮೀಟರ್ ದೂರದಲ್ಲಿ ಅಡ್ಡ ಹಾರುತ್ತಿದೆ, ವೇಗ ಸೆಕೆಂಡಿಗೆ 10 ಮೀಟರ್ ಅಂತಿಟ್ಟುಕೊಳ್ಳೋಣ. 1/2000 ಸೆಕೆಂಡಿನಲ್ಲಿ ಅದು 5 ಮಿಲಿಮೀಟರ್ ಸರಿಯುತ್ತದೆ. ಆ ದೂರದಲ್ಲಿ ನನ್ನ ಸೆನ್ಸರಿನ ಒಂದು ಪಿಕ್ಸೆಲ್ ಅಂದರೆ ಸುಮಾರು 0.2 ಮಿಲಿಮೀಟರ್. ಅಂದರೆ ಲೆನ್ಸ್ ನಿಂತಲ್ಲೇ ನಿಂತರೆ 20ಕ್ಕೂ ಜಾಸ್ತಿ ಪಿಕ್ಸೆಲ್ ಎಳೆದುಕೊಂಡು ಹೋಗುತ್ತದೆ! 1/2000 ಇಟ್ಟರೆ ಎಲ್ಲ ನಿಲ್ಲುತ್ತದೆ ಅನ್ನುವುದು ಅರ್ಧ ಸತ್ಯ. ಹಕ್ಕಿಯ ಜೊತೆ ಲೆನ್ಸನ್ನೂ ಸಮನಾಗಿ ತಿರುಗಿಸಿದರೆ ಮಾತ್ರ ಉಳಿದದ್ದನ್ನು ಶಟರ್ ನೋಡಿಕೊಳ್ಳುತ್ತದೆ. ಹಕ್ಕಿ ಹತ್ತಿರ ಬರುವ ಮೊದಲೇ ತಿರುಗಿಸಲು ಶುರು ಮಾಡಬೇಕು, ಬಟನ್ ಬಿಟ್ಟ ಮೇಲೂ ತಿರುಗಿಸುತ್ತಿರಬೇಕು. ಸೊಂಟ ತಿರುಗಬೇಕು, ಮೊಣಕೈ ಅಲ್ಲ. ಲೆನ್ಸಿನ ಅಲುಗಾಟ ತಗ್ಗಿಸುವ ವಿಆರ್ ಅನ್ನು ಸ್ಪೋರ್ಟ್‌ನಲ್ಲಿಟ್ಟೆ. ಅದು ಇದ್ದರೂ ಇಲ್ಲದಿದ್ದರೂ ಈ ವೇಗದಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ, ಆದರೆ ವ್ಯೂಫೈಂಡರ್ ಒಳಗೆ ಹಕ್ಕಿ ಕುಣಿಯುವುದು ಕಡಿಮೆ. ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಟೊ. 1600 ಆದರೂ ಬೇಜಾರಿಲ್ಲ. ಕಾಳುಕಾಳಾದ ಹಕ್ಕಿಯನ್ನು ಕಂಪ್ಯೂಟರಿನಲ್ಲಿ ಸರಿಪಡಿಸಬಹುದು, ಎಳೆದ ಹಕ್ಕಿಯನ್ನು ಆಗುವುದಿಲ್ಲ.

ರೀವಗಳು ಚೂಪಾದವು. ರಾಜಹಂಸಗಳದ್ದು ಬೇರೆ ಕಥೆ.

ಬೆಳಿಗ್ಗೆ ಏಳೂವರೆಗೆ 100 ಮೀಟರಿನಲ್ಲಿದ್ದ ರಾಜಹಂಸದ ಹಳದಿ ಕಣ್ಣು ಸ್ಪಷ್ಟವಾಗಿತ್ತು. ಅದೇ ದೂರ, ಅದೇ ಸೆಟ್ಟಿಂಗ್, ಒಂಬತ್ತೂವರೆಗೆ ಕಾಲುಗಳು ಬೆಂದ ಶಾವಿಗೆಯಂತೆ ಬಳುಕಿದವು. ಒಂದೇ ಬರ್ಸ್ಟ್‌ನಲ್ಲಿ ಒಂದು ಫ್ರೇಮಿನಲ್ಲಿ ಕತ್ತು ಸಪೂರ, ಮುಂದಿನದರಲ್ಲಿ ದಪ್ಪ. ಏನೂ ಚೂಪಿಲ್ಲ, ಎಳೆದ ಗುರುತೂ ಇಲ್ಲ. ಕವಡಿಯಲ್ಲಿ ಬಾಕಿ ಇಟ್ಟಿದ್ದ ಮಸುಕು ಇದೇ. ಬಿಸಿಲೇರಿದ ಹಾಗೆ ನೆಲ ಕಾಯುತ್ತದೆ, ಬಿಸಿ ಗಾಳಿ, ತಂಪು ಗಾಳಿ ಒಂದರೊಳಗೊಂದು ಹೊರಳುತ್ತವೆ, ಬೆಳಕು ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಬಾಗುತ್ತದೆ. 100 ಮೀಟರಿನಲ್ಲಿ ಒಂದು ಪಿಕ್ಸೆಲ್ ಅಂದರೆ 0.84 ಮಿಲಿಮೀಟರ್. ಗಾಳಿ ಅಷ್ಟು ಅಲುಗಿಸಲು ಎಷ್ಟು ಹೊತ್ತು? ಶಟರ್ ಏರಿಸಿದರೆ ಆ ವಕ್ರವೇ ಚೆನ್ನಾಗಿ ನಿಲ್ಲುತ್ತದೆ ಅಷ್ಟೇ. ವಿಆರ್‌ಗೆ ಇದು ತಿಳಿಯುವುದೇ ಇಲ್ಲ, ಅದು ನೋಡುವುದು ಲೆನ್ಸಿನ ಅಲುಗಾಟವನ್ನು.

ಇನ್ನೂ ಹತ್ತಿರ ಹೋಗೋಣವೇ ಅಂತ ದೋಣಿಯವನು ಕೇಳಿದ. ಬೇಡ ಅಂದೆವು. ಮೇಯುವುದು ನಿಲ್ಲಿಸಿ ಕತ್ತೆತ್ತಿ ನಡೆಯತೊಡಗಿದರೆ ಮುಂದೆ ಹಾರುವುದೇ. ಅಲ್ಲಿಂದ ವಾಪಸ್ ಬಂದು ಚಿಲಾಪಿ ಮೀನಿನ ಊಟ. ಅದರ ಬಗ್ಗೆ ಯಾವ ದೂರೂ ಇಲ್ಲ.

ಮಾರ್ಚ್, ಸುಪೆ

ಬಾರಾಮತಿ ತಾಲೂಕಿನ ಮಯೂರೇಶ್ವರ ಅಭಯಾರಣ್ಯ. ಐದು ಚದರ ಕಿಲೋಮೀಟರ್ ಚಿಲ್ಲರೆಯ ಹುಲ್ಲುಗಾವಲು, ಚಿಂಕಾರ ಎಂಬ ಸಣ್ಣ ಹುಲ್ಲೆಗಳಿಗೆ ಹೆಸರುವಾಸಿ. ಗಾಳಿಯ ಕಾಟವನ್ನೇ ಪರೀಕ್ಷಿಸಬೇಕು ಅಂತ ಬೇಕೆಂದೇ ಬೇಸಿಗೆಯ ಬಾಯಿಗೆ ಹೋದೆವು.

ಮೊದಲ ಪತ್ತೆ ಕಾರಿನೊಳಗೇ ಆಯಿತು. ಎಸಿ ಹಾಕಿಕೊಂಡು ಬಂದು ಕಿಟಕಿ ಇಳಿಸಿದ ತಕ್ಷಣ ತೆಗೆದವೆಲ್ಲ ಮೆತ್ತಗೆ. ಕಿಟಕಿಯ ಬಾಯಲ್ಲೇ ತಂಪು ಗಾಳಿ, ಬಿಸಿ ಗಾಳಿ ಜಗಳಕ್ಕೆ ನಿಂತಿರುತ್ತವೆ. ಎಂಜಿನ್ ನಿಲ್ಲಿಸಿ, ನಾಲ್ಕೂ ಕಿಟಕಿ ತೆರೆದು ಸ್ವಲ್ಪ ಹೊತ್ತು ಬಿಟ್ಟರೆ 30 ಮೀಟರಿನ ಚಿಂಕಾರದ ರೆಪ್ಪೆ ಎಣಿಸಬಹುದು. ಬಾನೆಟ್ಟಿನ ಮೇಲಿಂದ ಹಾಯಿಸಿ ತೆಗೆಯುವುದಂತೂ ಬೇಡ.

ಎರಡನೆಯದು ನನಗೆ ಅಷ್ಟು ಇಷ್ಟವಾಗದ ಪತ್ತೆ. ನೆಲಕ್ಕೆ ಒರಗಿ, ಪ್ರಾಣಿಯ ಕಣ್ಣಿನ ಮಟ್ಟದಲ್ಲಿ ತೆಗೆದರೆ ಫೋಟೊ ಚಂದ, ಎಲ್ಲರೂ ಹೇಳುವುದೂ ಅದನ್ನೇ. ಆದರೆ ಗಾಳಿ ಅತಿ ಹೆಚ್ಚು ಕುದಿಯುವುದು ನೆಲದ ಪಕ್ಕದಲ್ಲೇ. ಎಂಟೂವರೆಯ ಹೊತ್ತಿಗೆ ಕಾರಿನ ಕಿಟಕಿಯಿಂದ ತೆಗೆದದ್ದು ತಕ್ಕಮಟ್ಟಿಗೆ ಚೂಪು, ಬೀನ್ ಬ್ಯಾಗನ್ನು ನೆಲದ ಮೇಲಿಟ್ಟು ತೆಗೆದದ್ದು ಕಲಸಿಹೋಗಿತ್ತು. ಮೋಡ ಕವಿದ ದಿನ ಎರಡೂ ಸರಿ. ಬಿಸಿಲಿನ ದಿನ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಈಗ ನನ್ನ ಕ್ರಮ ಇದು: ಬಿಸಿಲೇರಿದ ಮೇಲೆ 50 ಮೀಟರ್ ಆಚೆಗಿನದಕ್ಕೆ 500 ಬಳಸುವುದಿಲ್ಲ. 200ಕ್ಕೆ ಇಳಿಸಿ, ಹುಲ್ಲು, ಬೇವಿನ ಮರ, ನಡುವೆ ಸಣ್ಣ ಚಿಂಕಾರ. ಪ್ರಾಣಿ ಚಿಕ್ಕದಾದಷ್ಟೂ ಅಲುಗಾಟವೂ ಕಾಣದಷ್ಟು ಚಿಕ್ಕದು. ಹಾಗೆ ತೆಗೆದ ಒಂದು ಚಿತ್ರವನ್ನೇ ಮನೆಯಲ್ಲಿ ಗೋಡೆಗೆ ಹಾಕಿದ್ದು. ರೆಪ್ಪೆ ಎಣಿಸುವಂತಿದ್ದ ಚಿತ್ರ ಹಾರ್ಡ್ ಡಿಸ್ಕಿನಲ್ಲೇ ಇದೆ.

ಮುಂದೆ

ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂರಿಸುವ 1.4 ಪಟ್ಟಿನ ಟೆಲಿಕನ್ವರ್ಟರ್ ಒಂದನ್ನು ಎರವಲು ಕೇಳಿದ್ದೇನೆ. ಲೆನ್ಸ್ 700 ಮಿಮೀ ಆಗುತ್ತದೆ, ಎಫ್ 8ಕ್ಕೆ ಇಳಿಯುತ್ತದೆ. 153 ಫೋಕಸ್ ಪಾಯಿಂಟುಗಳಲ್ಲಿ ಆಗ ಕೆಲಸ ಮಾಡುವುದು ನಡುವಿನ 15 ಮಾತ್ರ. ದೂರದ್ದನ್ನು ದೊಡ್ಡದು ಮಾಡಲು ಅಲ್ಲ, ಹಾಗೆ ಮಾಡಿದರೆ ಗಾಳಿಯ ಅಲುಗಾಟವನ್ನೂ ದೊಡ್ಡದು ಮಾಡಿದಂತೆ. ಹತ್ತಿರದ ಚಿಕ್ಕ ಹಕ್ಕಿಗೆ, ಕವಡಿಯ ಸಿಪಿಲೆಗೆ, ಬೆಳಗಿನ ಹೊತ್ತಿನಲ್ಲಿ ನೋಡಬೇಕು. ಮಳೆ ಶುರುವಾದ ಮೇಲೆ ತಾಮ್ಹಿಣಿ ಘಾಟಿನ ಕಾಡು. ಅಲ್ಲಿ ಗಾಳಿ ತಂಪು, ಆದರೆ ಬೆಳಕೇ ಇರುವುದಿಲ್ಲ, 1/125ರಲ್ಲಿ ಕೈ ಎಷ್ಟು ನಿಲ್ಲುತ್ತದೆ ಅನ್ನುವುದು ಹೊಸ ಲೆಕ್ಕ. ಅದಕ್ಕೆ ಮೊದಲು ಬೀನ್ ಬ್ಯಾಗ್ ಬಿಚ್ಚಿ ಹೊಸ ಜೋಳ ತುಂಬಬೇಕು, ಹಳೆಯದಕ್ಕೆ ಹುಳ ಬಿದ್ದಿದೆ. ಅಕ್ಕಿಯಾಗಿದ್ದರೂ ಬೀಳುತ್ತಿತ್ತು ಅನ್ನುವುದು ಗೆಳೆಯನ ವಾದ.